ಗ್ಯಾದರಿಂಗಿಗೆ ಬಾಹ್ಯಾಕಾಶದ ಕುಣಿತ: ಮಕ್ಕಳಿಂದ ಕಟ್ಟಿಸುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಡಿಸೆಂಬರಿನ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಮೂರು ಮತ್ತು ನಾಲ್ಕನೇ ತರಗತಿಯ 26 ಮಕ್ಕಳಿಂದ ಬಾಹ್ಯಾಕಾಶದ ಕುರಿತು ಒಂದು ಕುಣಿತ ಮಾಡಿಸಬೇಕೆಂದಿದ್ದೇನೆ. ಸಿನಿಮಾ ಹಾಡಿನ ಸ್ಟೆಪ್ಪುಗಳ ನಕಲು ಬೇಡ, ಮಕ್ಕಳೇ ಕಟ್ಟಲಿ ಎಂಬುದು ನನ್ನ ಆಸೆ. ಆದರೆ "ನೀವು ಈಗ ಆಕಾಶದಾಗ ಇದ್ದೀರಿ, ನಿಮಗ ತಿಳಿದಂಗ ಕುಣೀರಿ" ಎಂದ ಕೂಡಲೇ ಅರ್ಧ ಮಕ್ಕಳು ಓಡಾಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಉಳಿದವರು "ಅಕ್ಕೋರ, ಏನ್ ಮಾಡೂಣ್ರಿ?" ಎಂದು ನಿಂತುಬಿಡುತ್ತಾರೆ. ಬಿಸಿಯೂಟದ ನಂತರದ ಅವಧಿಯಲ್ಲಿ ಗ್ರಹಗಳಂತೆ ತಿರುಗಿಸಿದಾಗ ಒಬ್ಬ ಹುಡುಗನಿಗೆ ತಲೆ ಸುತ್ತಿ ವಾಂತಿಯಾಯಿತು. ಒಬ್ಬ ಹುಡುಗಿ ಮೂಲೆ ಬಿಟ್ಟು ಬರುವುದೇ ಇಲ್ಲ. ಕುಣಿತದಲ್ಲಿ ತಪ್ಪು ವಿಜ್ಞಾನ ತಲೆಗೆ ಹೊಕ್ಕರೆ ಮುಂದೆ ತೆಗೆಯುವುದು ಕಷ್ಟ ಎಂದು ನಮ್ಮ ವಿಜ್ಞಾನ ಶಿಕ್ಷಕರು ಹೇಳುತ್ತಾರೆ. ಒಂದು ಮಗುವಿನ ಅಜ್ಜಿ "ಗ್ರಹಣದ ಆಟ ಆಡಿಸಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದಾರೆ. ನನಗೆ ನೃತ್ಯದ ತರಬೇತಿ ಇಲ್ಲ. ಈ ಯೋಚನೆಯನ್ನೇ ಕೈಬಿಡಲೇ?

ಉತ್ತರ: ಕೈಬಿಡಬೇಡಿ. ನಿಮ್ಮ ಪತ್ರದಲ್ಲಿ ಆರೇಳು ತೊಂದರೆಗಳು ಕಾಣುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಚಿಗುರಿದವು. ಧಾರವಾಡದಲ್ಲಿ ಮಕ್ಕಳಿಗೆ ಸೃಜನಶೀಲ ನೃತ್ಯ ಕಲಿಸಲು ತೊಡಗಿದ ಮೊದಲ ಬೇಸಿಗೆಯಲ್ಲಿ ನಾನೂ ಒಬ್ಬ ಹುಡುಗನ ತಲೆಗೆ ಬಂಗಾರದ ಬಣ್ಣದ ಕಾಗದ ಸುತ್ತಿ, "ನೀನು ಸೂರ್ಯ, ಇವರೆಲ್ಲ ಗ್ರಹಗಳು, ಇನ್ನು ಕುಣಿಯಿರಿ" ಎಂದಿದ್ದೆ. ಸೂರ್ಯನಿಗೆ ಬೇಸರ ಬಂದು ಅವನು ಕುಳಿತ, ಗ್ರಹಗಳು ದಿಕ್ಕಾಪಾಲಾದವು. ನಾನು ಮಕ್ಕಳಿಗೆ ಹೆಸರನ್ನು ಕೊಟ್ಟಿದ್ದೆ, ಕೆಲಸವನ್ನು ಕೊಟ್ಟಿರಲಿಲ್ಲ. "ಚಂದ್ರನಾಗು" ಎಂಬ ಮಾತಿನಲ್ಲಿ ಎಂಟು ವರ್ಷದ ಮಗುವಿಗೆ ಮಾಡಲು ಏನೂ ಇಲ್ಲ; "ಗೆಳತಿಯ ಸುತ್ತ ನಡೆ, ಆದರೆ ನಿನ್ನ ಮುಖ ಒಂದು ಕ್ಷಣವೂ ಅವಳಿಂದ ತಿರುಗಬಾರದು" ಎಂಬ ಮಾತಿನಲ್ಲಿ ಬಹಳಷ್ಟಿದೆ.

ಸೃಜನಶೀಲ ನೃತ್ಯವೆಂದರೆ ಮನಸ್ಸಿಗೆ ಬಂದಂತೆ ಕುಣಿಯುವುದು ಎಂಬ ತಿಳಿವಳಿಕೆ ನೃತ್ಯ ಕಲಿತವರಲ್ಲಿಯೂ ಇದೆ. ಅದು ಸರಿಯಲ್ಲ. ಶಾಲೆಯ ಮಕ್ಕಳಿಗೆ ಈ ಬಗೆಯ ನೃತ್ಯವನ್ನು ಒಂದು ಕ್ರಮದಲ್ಲಿ ಕಲಿಸುವ ದಾರಿ ತೋರಿಸಿದವರಲ್ಲಿ ಮುಖ್ಯನಾದ ರುಡಾಲ್ಫ್ ಲಾಬಾನ್ (1879–1958) ಚಲನೆಯನ್ನು ಭಾರ, ಕಾಲ, ಜಾಗ, ಹರಿವು ಎಂದು ಬಿಡಿಸಿ ನೋಡಿದ. ಪ್ರತಿಯೊಬ್ಬರ ಮೈಸುತ್ತ ಕೈಕಾಲು ಚಾಚಿದಷ್ಟು ದೂರದ ಒಂದು ಸ್ವಂತ ಆವರಣವಿದೆ ಎಂದು ಹೇಳಿದ. ನಿಮ್ಮ ಮಕ್ಕಳು ಡಿಕ್ಕಿ ಹೊಡೆಯುವುದು ಶಿಸ್ತಿಲ್ಲದೆ ಅಲ್ಲ, ಆ ಆವರಣದ ಅರಿವು ಇನ್ನೂ ಮೂಡಿಲ್ಲವೆಂದು. ಆದ್ದರಿಂದ ಮೊದಲ ಎರಡು ಅವಧಿಗಳಲ್ಲಿ ಬಾಹ್ಯಾಕಾಶದ ಸುದ್ದಿಯನ್ನೇ ಎತ್ತಬೇಡಿ. ಹಲಗಿ ಬಾರಿಸುತ್ತಿರುವಾಗ ಯಾರನ್ನೂ ಮುಟ್ಟದೆ ನಡೆಯಬೇಕು, ಪೆಟ್ಟು ನಿಂತ ಕ್ಷಣ ಇದ್ದಲ್ಲೇ ಕಲ್ಲಾಗಬೇಕು, ಅಷ್ಟೇ ಆಟ. ಹದಿಮೂರು ಮಕ್ಕಳು ಆಡಲಿ, ಹದಿಮೂರು ಮಕ್ಕಳು ಚಪ್ಪಾಳೆಯಿಂದ ಲಯ ಹಿಡಿಯಲಿ, ಆಮೇಲೆ ಅದಲುಬದಲಾಗಲಿ. ನಿಲ್ಲುವುದನ್ನು ಕಲಿತ ತರಗತಿಗೆ ಮುಂದೆ ಏನನ್ನಾದರೂ ಕೊಡಬಹುದು.

ಇನ್ನು ಚಂದ್ರನ ಆಟ. ಒಬ್ಬಳು ನಡುವೆ ಭೂಮಿಯಾಗಿ ಕುಳಿತಿರಲಿ. ಇನ್ನೊಬ್ಬಳು ಮುಖವನ್ನು ಅವಳ ಕಡೆಗೇ ಇಟ್ಟುಕೊಂಡು ಅಡ್ಡ ಹೆಜ್ಜೆಯಲ್ಲಿ ಒಂದು ಸುತ್ತು ಬರಲಿ. ಸುತ್ತು ಮುಗಿದ ಮೇಲೆ ಚಂದ್ರನಾದವಳನ್ನು "ನೀನು ನಿನ್ನ ಸುತ್ತಲೂ ತಿರುಗಿದೆಯಾ?" ಎಂದು ಕೇಳಿ. ಇಲ್ಲವೆಂದೇ ಹೇಳುತ್ತಾಳೆ. "ಹಾಗಾದರೆ ನಡೆಯುವಾಗ ಎದುರಿಗೆ ಯಾವ ಯಾವ ಗೋಡೆ ಕಂಡವು?" ಎಂದು ಕೇಳಿ. ನಾಲ್ಕೂ ಗೋಡೆ ಕಂಡಿರುತ್ತವೆ. ತನ್ನ ಸುತ್ತ ಒಂದು ಬಾರಿ ತಿರುಗದೆ ನಾಲ್ಕು ಗೋಡೆ ಎದುರಾಗುವುದು ಸಾಧ್ಯವಿಲ್ಲ. ಚಂದ್ರ ಸುಮಾರು 27.3 ದಿನಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕುತ್ತಾನೆ, ಅಷ್ಟೇ ಕಾಲದಲ್ಲಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುತ್ತಾನೆ. ನಮಗೆ ಯಾವಾಗಲೂ ಅವನ ಒಂದೇ ಮುಖ ಕಾಣುವುದು ಅದಕ್ಕಾಗಿಯೇ. ಮಕ್ಕಳಿಗೆ ಇದು ಹೊಸದೇನಲ್ಲ. ತ್ರಿಕೂಟೇಶ್ವರ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಬಲಭುಜ ಸದಾ ಗರ್ಭಗುಡಿಯ ಕಡೆಗೇ ಇರುವುದನ್ನು ನೆನಪಿಸಿ. ದಿಕ್ಕು ಮಾತ್ರ ಬೇರೆ: ಭೂಮಿಯ ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಚಂದ್ರನೂ ಗ್ರಹಗಳೂ ಸುತ್ತುವುದು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ.

ಇಬ್ಬರು ಎದುರುಬದುರು ನಿಂತು ಕೈ ಹಿಡಿದು ಗರಗರ ತಿರುಗುವ ಫುಗಡಿ ನಿಮ್ಮ ಊರಿನ ಹೆಣ್ಣುಮಕ್ಕಳಿಗೆ ಗೊತ್ತಿದ್ದೇ ಇರುತ್ತದೆ. ಬಾಹ್ಯಾಕಾಶದ ಕುಣಿತಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ. ಸರಿಸಮ ತೂಕದ ಇಬ್ಬರು ಫುಗಡಿ ಆಡಿದರೆ ತಿರುಗುವ ಕೇಂದ್ರ ಇಬ್ಬರ ನಟ್ಟನಡುವೆ ಇರುತ್ತದೆ. ನೀವು ಒಬ್ಬ ಪುಟ್ಟ ಹುಡುಗಿಯೊಡನೆ ಆಡಿದರೆ ಕೇಂದ್ರ ನಿಮ್ಮ ಕಾಲ ಬಳಿಗೆ ಸರಿಯುತ್ತದೆ, ಅವಳು ದೊಡ್ಡ ಸುತ್ತು ಹಾಕುತ್ತಾಳೆ, ನೀವು ಬರಿದೆ ಓಲಾಡುತ್ತೀರಿ. ಭೂಮಿ ಮತ್ತು ಚಂದ್ರ ಹಾಗೆಯೇ ಆಡುತ್ತಿವೆ. ಭೂಮಿ ಚಂದ್ರನ 81 ಪಟ್ಟು ಭಾರವಿರುವುದರಿಂದ ಅವೆರಡರ ಸಮಾನ ಕೇಂದ್ರ ಭೂಮಿಯ ಒಡಲಿನೊಳಗೇ, ನಡುಬಿಂದುವಿನಿಂದ ಸುಮಾರು 4,700 ಕಿಲೋಮೀಟರ್ ದೂರದಲ್ಲಿದೆ. ಕೈಗಳ ಸೆಳೆತವೇ ಇಲ್ಲಿ ಗುರುತ್ವ. ಆದರೆ ಫುಗಡಿಯ ಅಪಾಯವೂ ಆ ಕೈಗಳಲ್ಲಿಯೇ ಇದೆ. ಬೆರಳು ಹಿಡಿದರೆ ಬೆವರಿಗೆ ಜಾರುತ್ತದೆ, ಆದ್ದರಿಂದ ಮಣಿಕಟ್ಟನ್ನು ಹಿಡಿಯಬೇಕು; ಸುತ್ತಲೂ ಎರಡು ಮಾರು ಜಾಗ ಖಾಲಿ ಇರಬೇಕು; ವೇಗ ತಗ್ಗಿಸಿ ನಿಂತ ಮೇಲೆಯೇ ಕೈ ಬಿಡಬೇಕು. ಒಂದೇ ಕೈ ಹಿಡಿದು ಚಿಕ್ಕ ಮಗುವನ್ನು ಗರಗರ ತಿರುಗಿಸುವುದಂತೂ ಬೇಡವೇ ಬೇಡ, ಮೊಣಕೈ ಮತ್ತು ಭುಜದ ಕೀಲಿಗೆ ಪೆಟ್ಟಾಗುತ್ತದೆ.

ನಿಮ್ಮ ವಿಜ್ಞಾನ ಶಿಕ್ಷಕರ ಮಾತನ್ನು ನಾನು ಒಪ್ಪುತ್ತೇನೆ. ಸಾಮಾನ್ಯವಾಗಿ ಇಂಥ ಕುಣಿತಗಳಲ್ಲಿ ಮಕ್ಕಳು ಸಾಲಾಗಿ ಕೈ ಹಿಡಿದು, ಒಂದು ತುದಿಯವನು ನಿಂತಲ್ಲೇ ತಿರುಗಿ, ಉಳಿದವರು ಗಾಣದಂತೆ ಸುತ್ತುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಹೊರತುದಿಯ ಮಗು ಏದುಸಿರು ಬಿಟ್ಟು ಓಡುತ್ತದೆ, ಒಳಗಿನದು ತೆವಳುತ್ತದೆ. ಸೌರಮಂಡಲದಲ್ಲಿ ನಡೆಯುವುದು ಇದರ ತದ್ವಿರುದ್ಧ. ಬುಧ ಸೆಕೆಂಡಿಗೆ ಸರಾಸರಿ 47 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಭೂಮಿ 30, ಮಂಗಳ 24, ಗುರು 13 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಹೊರಗಿನ ಗ್ರಹದ ದಾರಿ ಉದ್ದ, ನಡಿಗೆಯೂ ನಿಧಾನ.

ಇದನ್ನು ಸರಿಯಾಗಿ ಕುಣಿಸುವುದು ಕಷ್ಟವಲ್ಲ. ಖೋ-ಖೋ ಅಂಗಳಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಒಂದೇ ಕೇಂದ್ರದ ಸುತ್ತ ನಾಲ್ಕು ವೃತ್ತ ಬರೆಯಿರಿ: ಕೇಂದ್ರದಿಂದ ಬುಧನದು 1 ಮೀಟರ್, ಶುಕ್ರನದು 1.9, ಭೂಮಿಯದು 2.6, ಮಂಗಳನದು 3.9 ಮೀಟರ್ ದೂರ. ಸುಮಾರು ಎರಡು ಸೆಕೆಂಡಿಗೆ ಒಂದರಂತೆ ಹಲಗಿಯ ಪೆಟ್ಟು ಬೀಳಲಿ, ಒಂದು ಪೆಟ್ಟು ಒಂದು ತಿಂಗಳು. ಭೂಮಿಯಾದವನು ಹನ್ನೆರಡು ಪೆಟ್ಟಿಗೆ ಒಂದು ಸುತ್ತು ಮುಗಿಸಬೇಕು, ಬುಧ ಮೂರೇ ಪೆಟ್ಟಿಗೆ, ಶುಕ್ರ ಏಳೂವರೆಗೆ, ಮಂಗಳ ಇಪ್ಪತ್ತೆರಡೂವರೆಗೆ. ಹೀಗೆ ನಡೆದರೆ ದೂರಗಳ ಪ್ರಮಾಣವೂ ವೇಗಗಳ ಪ್ರಮಾಣವೂ ನಿಜಕ್ಕೆ ಬಹಳ ಹತ್ತಿರವಾಗಿರುತ್ತವೆ. ಬುಧನಾದ ಮಗು ಬಿರುಸಾಗಿ ನಡೆದು ನಗುತ್ತದೆ, ಮಂಗಳನಾದ ಮಗು ಹೆಜ್ಜೆಯನ್ನು ಹಿಡಿದಿಡಲು ಒದ್ದಾಡುತ್ತದೆ. ನಿಧಾನವಾಗಿ ನಡೆಯುವುದೇ ಹೆಚ್ಚು ಕಷ್ಟ ಎಂಬುದನ್ನು ಅವರು ತಾವೇ ಕಂಡುಕೊಳ್ಳುತ್ತಾರೆ. ಈ ಲೆಕ್ಕದಲ್ಲಿ ಗುರುವಿನ ವೃತ್ತ 13 ಮೀಟರಿನ ಆಚೆಗೆ ಹೋಗುತ್ತದೆ. ಅಂಗಳ ದೊಡ್ಡದಿದ್ದರೆ ಒಬ್ಬನನ್ನು ಅಲ್ಲಿ ನಿಲ್ಲಿಸಿ, ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಅವನು ತನ್ನ ವೃತ್ತದ ಹನ್ನೆರಡನೇ ಒಂದು ಪಾಲನ್ನಷ್ಟೇ ನಡೆಯಲಿ. ಕೇಂದ್ರದಲ್ಲಿ ಸೂರ್ಯನಾಗಿ ಯಾರೂ ಬೇಡ. ಇದೇ ಪ್ರಮಾಣದಲ್ಲಿ ಸೂರ್ಯನ ಗಾತ್ರ ಒಂದು ನೆಲ್ಲಿಕಾಯಿಯಷ್ಟು, ಭೂಮಿ ಸಣ್ಣ ರವೆಯ ಕಾಳಿಗಿಂತಲೂ ಚಿಕ್ಕದು. ನಡುವೆ ಒಂದು ನೆಲ್ಲಿಕಾಯಿ ಇಟ್ಟು ಮಕ್ಕಳನ್ನು ಅದರ ಸುತ್ತ ನಡೆಸಿ, "ನೀವೆಲ್ಲ ಇಲ್ಲಿ ಎಷ್ಟೋ ಪಟ್ಟು ದೊಡ್ಡವರಾಗಿ ಕಾಣುತ್ತಿದ್ದೀರಿ, ಅದೊಂದು ಸುಳ್ಳು" ಎಂದು ಬಾಯಿಬಿಟ್ಟು ಹೇಳಿಬಿಡಿ. ಕುಣಿತ ಎಲ್ಲವನ್ನೂ ನಿಜವಾಗಿ ತೋರಿಸಲಾರದು. ಯಾವುದು ನಿಜ, ಯಾವುದು ಅನುಕೂಲಕ್ಕೆ ಮಾಡಿಕೊಂಡದ್ದು ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ನಿಮ್ಮ ಸಹೋದ್ಯೋಗಿಯ ಆತಂಕಕ್ಕೆ ಕಾರಣ ಉಳಿಯುವುದಿಲ್ಲ. ಅವರನ್ನೇ ಕರೆದು ಸುಣ್ಣದ ವೃತ್ತ ಬರೆಸಿ.

ಎರಡನೆಯ ತಪ್ಪು ತಿಳಿವಳಿಕೆ, ಬಾಹ್ಯಾಕಾಶವೆಂದರೆ ನಿಧಾನವಾಗಿ ತೇಲುವುದು ಎಂಬುದು. ಅಲ್ಲಿ ಗುರುತ್ವವೇ ಇಲ್ಲ ಎಂದು ದೊಡ್ಡವರೂ ಹೇಳುತ್ತಾರೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋಗಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಯೂ ಗುರುತ್ವ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದೆ. ಆ ನಿಲ್ದಾಣವೂ ಅದರೊಳಗಿನವರೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಅಡ್ಡ ಸಾಗುತ್ತ, ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ. ಪಂಚಮಿಯ ಜೋಕಾಲಿ ಮೇಲೇರಿ ಹಿಂತಿರುಗುವ ಕ್ಷಣದಲ್ಲಿ ಹೊಟ್ಟೆಯಲ್ಲಿ ಜುಮ್ಮೆನ್ನುತ್ತದಲ್ಲ, ಅದೇ ಹಗುರತನ ಅಲ್ಲಿ ದಿನವಿಡೀ. ಇದನ್ನು ಕುಣಿತಕ್ಕೆ ತರಲು ಕೈಗಳನ್ನು ಮೆಲ್ಲಗೆ ಆಡಿಸುವುದಕ್ಕಿಂತ ಒಂದು ನಿಯಮ ಕೊಡುವುದು ಮೇಲು: ಏನನ್ನಾದರೂ ದೂಡದೆ ಹೊರಡುವಂತಿಲ್ಲ, ಏನಾದರೂ ಸಿಗದೆ ನಿಲ್ಲುವಂತಿಲ್ಲ. ಇಬ್ಬರು ಅಂಗೈಗೆ ಅಂಗೈ ಕೊಟ್ಟು ಮೆಲ್ಲಗೆ ದೂಡಿದರೆ ಇಬ್ಬರೂ ಹಿಂದೆ ಸರಿಯಬೇಕು, ಗೋಡೆಯೋ ಇನ್ನೊಬ್ಬರ ಅಂಗೈಯೋ ಸಿಗುವವರೆಗೆ ಸರಿಯುತ್ತಲೇ ಇರಬೇಕು. ಹಿಂದಡಿ ಇಡುವಾಗ ಬೀಳುವ ಭಯವಿರುವುದರಿಂದ ಮೊದಮೊದಲು ಮೂರೇ ಹೆಜ್ಜೆಗೆ ಮಿತಿಗೊಳಿಸಿ. "ಏನ್ ಮಾಡೂಣ್ರಿ" ಎನ್ನುವ ಮಕ್ಕಳು ಈ ಆಟದಲ್ಲಿ ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಜಿಗಿತದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಪಾಲು. 1969ರಿಂದ 1972ರವರೆಗೆ ಅಲ್ಲಿ ಓಡಾಡಿದ ಹನ್ನೆರಡು ಮಂದಿ ಕುಪ್ಪಳಿಸಿ ನಡೆದದ್ದು ಆ ಕಾರಣಕ್ಕೆ. ನಮ್ಮ ಮಕ್ಕಳು ಅದನ್ನು ಅನುಕರಿಸಲು ಫರ್ಸಿ ಕಲ್ಲಿನ ಹಾಸಿನ ಮೇಲೆ ಅರ್ಧ ಗಂಟೆ ಜಿಗಿದರೆ ಹಿಮ್ಮಡಿ ಮತ್ತು ಮುಂಗಾಲಿನ ಎಲುಬು ನೋಯುತ್ತವೆ. ಮಣ್ಣಿನ ಅಂಗಳ ಒಳ್ಳೆಯದು. ನವಲಗುಂದದ ಜಮಖಾನೆ ಎಷ್ಟೇ ಚೆಂದವಿದ್ದರೂ ನುಣುಪಾದ ನೆಲದ ಮೇಲೆ ಹಾಸಿ ಜಿಗಿಸಬೇಡಿ, ಅದು ಕಾಲ ಕೆಳಗಿನಿಂದ ಜಾರುತ್ತದೆ. ಕಾಲುಚೀಲ ಹಾಕಿಸುವುದೂ ಬೇಡ. ಒಮ್ಮೆಗೆ ಎಂಟು ಹತ್ತು ಜಿಗಿತ ಸಾಕು, ಇಳಿಯುವಾಗ ಮೊದಲು ಕಾಲ್ಬೆರಳು, ಆಮೇಲೆ ಹಿಮ್ಮಡಿ, ಮಂಡಿ ಬಾಗಿರಬೇಕು, ಸಪ್ಪಳ ಕೇಳಿಸಬಾರದು.

ಈ ಸಪ್ಪಳವಿಲ್ಲದ ಇಳಿತವನ್ನು ಕಲಿಸಲು ನಾನು ಈಚೆಗೆ ಚಂದ್ರಯಾನದ ಕಥೆಯನ್ನೇ ಬಳಸುತ್ತಿದ್ದೇನೆ, ನಿಮ್ಮ ಕುಣಿತದ ನಡುಭಾಗವೂ ಅದೇ ಆಗಬಹುದು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ವೇಗ ತಗ್ಗಿಸಲಾರದೆ ಅಪ್ಪಳಿಸಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್, ಮೊದಲಿಗಿಂತ ಗಟ್ಟಿಗೊಳಿಸಿದ ನಾಲ್ಕು ಕಾಲುಗಳ ಮೇಲೆ ಮೆಲ್ಲಗೆ ಇಳಿಯಿತು. ಅದು ಮೊದಲು ಅಡ್ಡಲಾಗಿ ವೇಗವಾಗಿ ಬಂತು, ವೇಗ ಕಳೆದುಕೊಂಡಿತು, ನೆಟ್ಟಗೆ ನಿಂತಿತು, ಸುಮಾರು 150 ಮೀಟರ್ ಎತ್ತರದಲ್ಲಿ ಕೊಂಚ ತಡೆದು ಕೆಳಗೆ ಸಮತಟ್ಟಾದ ಜಾಗವನ್ನು ನೋಡಿಕೊಂಡಿತು, ಆಮೇಲೆ ನೇರ ಇಳಿಯಿತು. ಓಡು, ತಗ್ಗಿಸು, ನೆಟ್ಟಗಾಗು, ತಡೆದು ನೋಡು, ಇಳಿ: ಐದು ಕ್ರಿಯಾಪದಗಳು. ಇವನ್ನು ಮೈಯಲ್ಲಿ ಹೇಗೆ ಹೇಳಬೇಕೆಂಬುದನ್ನು ಮೂವರು ಮೂವರ ಗುಂಪುಗಳಿಗೆ ಬಿಟ್ಟುಕೊಡಿ. ನೀವು ಮಾಡಿ ತೋರಿಸಿದರೆ ಎಲ್ಲ ಗುಂಪುಗಳೂ ನಿಮ್ಮದನ್ನೇ ಮಾಡುತ್ತವೆ. ಕೊನೆಯಲ್ಲಿ ನಿಂತವರ ಕಾಲುಗಳ ನಡುವಿನಿಂದ ಒಂದು ಮಗು ಪ್ರಜ್ಞಾನ್ ಆಗಿ ಹೊರಬರಲಿ. ಆರು ಚಕ್ರಗಳ ಆ ಪುಟ್ಟ ಗಾಡಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಸಾಗುವಂಥದ್ದು. ಇಡೀ ವೇದಿಕೆ ನಿಂತು ಅಷ್ಟು ನಿಧಾನದ ಒಂದು ಮಗುವನ್ನು ನೋಡುವ ಕ್ಷಣಕ್ಕೆ ಯಾವ ಸಿನಿಮಾ ಸ್ಟೆಪ್ಪೂ ಸಮನಲ್ಲ.

ತಲೆ ಸುತ್ತಿದ ಹುಡುಗನ ಬಗ್ಗೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ನೀರಿನ ಕೊಡವನ್ನು ತಿರುಗಿಸಿ ನಿಲ್ಲಿಸಿದರೆ ಕೊಡ ನಿಂತರೂ ನೀರು ತಿರುಗುತ್ತಲೇ ಇರುತ್ತದೆ. ಹಾಗೆಯೇ ಹುಡುಗ ನಿಂತ ಮೇಲೂ ಆ ದ್ರವ ಕೆಲಹೊತ್ತು ಸಾಗುತ್ತದೆ, ಕಣ್ಣು "ನಿಂತಿದ್ದೇನೆ" ಎಂದರೆ ಕಿವಿ "ಇನ್ನೂ ತಿರುಗುತ್ತಿದ್ದೇನೆ" ಎನ್ನುತ್ತದೆ, ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಬಿಸಿಯೂಟ ಮುಗಿದ ಕೂಡಲೇ ಅಭ್ಯಾಸ ಇಟ್ಟದ್ದು ಅದನ್ನು ಹೆಚ್ಚಿಸಿರಬೇಕು. ಸಾಧ್ಯವಾದರೆ ಬೆಳಗಿನ ಅವಧಿಗೆ ಬದಲಾಯಿಸಿಕೊಳ್ಳಿ. ಅಷ್ಟಕ್ಕೂ ಗ್ರಹವನ್ನು ಬಗರಿಯಂತೆ ತಿರುಗಿಸುವ ಅಗತ್ಯವೇ ಇಲ್ಲ, ಭೂಮಿ ಒಂದು ತಿರುಗಿಗೆ ಒಂದು ದಿನ ತೆಗೆದುಕೊಳ್ಳುತ್ತದೆ. ಈ ಆಟದಲ್ಲಿ ಒಂದು ಪೆಟ್ಟು ತಿಂಗಳಲ್ಲ, ಒಂದು ಗಂಟೆ: ಮಗು ನಿಂತಲ್ಲೇ ಎಡಕ್ಕೆ, 24 ಪೆಟ್ಟುಗಳಲ್ಲಿ ಒಂದೇ ಒಂದು ಸುತ್ತು ತಿರುಗಲಿ. ಎದುರಿಗೆ ದೀಪವೊಂದನ್ನು ಇಟ್ಟರೆ ಅದು ಎಡಗೈಯ ಕಡೆಯಿಂದ ಕಣ್ಣಿಗೆ ಬಂದು ಬಲಗೈಯ ಕಡೆ ಮರೆಯಾಗುತ್ತದೆ. ಎಡಗೈ ಪೂರ್ವ, ಬಲಗೈ ಪಶ್ಚಿಮ, ಮೂಗಿನ ನೇರಕ್ಕೆ ಬಂದಾಗ ನಡುಹಗಲು. ಶುಕ್ರನಾದವನು ಮಾತ್ರ ಬಲಕ್ಕೆ ತಿರುಗಲಿ, ಆ ಗ್ರಹ ತಿರುಗುವುದು ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಎದುರಾಗಿ. ಇಷ್ಟು ನಿಧಾನಕ್ಕೂ ಆ ಹುಡುಗನಿಗೆ ತಲೆ ಸುತ್ತಿದರೆ, ಅಥವಾ ಕಿವಿನೋವು, ಪದೇ ಪದೇ ತಲೆನೋವು ಇದ್ದರೆ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಫಿಟ್ಸ್ ಇರುವ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ, ಮಿನುಗುವ ದೀಪಗಳನ್ನು ಬಳಸಬೇಡಿ. ಗಗನಯಾತ್ರಿಗಳಲ್ಲಿಯೂ ಹಲವರಿಗೆ ಮೊದಲ ದಿನಗಳಲ್ಲಿ ವಾಕರಿಕೆ ಬರುತ್ತದೆಂದು ಆ ಹುಡುಗನಿಗೆ ಹೇಳಿದರೆ ಅವನ ನಾಚಿಕೆ ಕಳೆಯುತ್ತದೆ.

ಮೂಲೆಯ ಹುಡುಗಿಯನ್ನು ಎಳೆದು ತರಬೇಡಿ. ಇಂಥ ಮಗುವಿಗೆ ಧ್ರುವನಕ್ಷತ್ರದ ಪಾತ್ರ ಕೊಟ್ಟು ನಡುವೆ ನಿಲ್ಲಿಸುವ ರೂಢಿ ಇದೆ. ಕೊಡುವವರ ಉದ್ದೇಶ ಒಳ್ಳೆಯದೇ. ಆದರೆ ಎಲ್ಲರ ಕಣ್ಣೂ ಬೀಳುವ ಜಾಗದಲ್ಲಿ ಅಲುಗಾಡದೆ ನಿಲ್ಲುವುದು ನಾಚುವ ಮಗುವಿಗೆ ಶಿಕ್ಷೆಯೇ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದು ಹಲಗಿಯ ಕೋಲನ್ನು ಆ ಮಗುವಿನ ಕೈಗೆ ಕೊಡುವುದು. ಅವಳು ಬಾರಿಸಿದರೆ ಎಲ್ಲರೂ ನಡೆಯುತ್ತಾರೆ, ನಿಲ್ಲಿಸಿದರೆ ನಿಲ್ಲುತ್ತಾರೆ. ಕೆಲವು ಮಕ್ಕಳು ಎರಡು ವಾರದಲ್ಲಿ ತಾವಾಗಿಯೇ ಒಳಗೆ ಬಂದಿದ್ದಾರೆ, ಕೆಲವರು ಕೊನೆಯವರೆಗೂ ಹಲಗಿಯನ್ನೇ ಹಿಡಿದಿದ್ದಾರೆ, ಎರಡೂ ಸರಿ.

ಅಜ್ಜಿಯೊಡನೆ ವಾದ ಬೇಡ. ರಾಹು ಕೇತುಗಳನ್ನು ನಮ್ಮ ಹಿರಿಯರೇ ಛಾಯಾಗ್ರಹಗಳೆಂದರು. ಸೂರ್ಯನ ತೋರಿಕೆಯ ದಾರಿಯನ್ನು ಚಂದ್ರನ ದಾರಿ ಕತ್ತರಿಸುವ ಎರಡು ಬಿಂದುಗಳವು, ಎರಡೂ ದಾರಿಗಳ ನಡುವೆ ಸುಮಾರು 5 ಡಿಗ್ರಿ ಓರೆ ಇರುವುದರಿಂದಲೇ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ. ತರಗತಿಯಲ್ಲಿ ಎರಡು ಸೈಕಲ್ ಟೈರುಗಳನ್ನು ಓರೆಯಾಗಿ ಹಿಡಿದು ಇದನ್ನು ತೋರಿಸಬಹುದು. ಆದರೆ ಆ ಓರೆ ಸಮತಟ್ಟಾದ ವೇದಿಕೆಯ ಮೇಲೆ ಕಾಣುವುದೇ ಇಲ್ಲ, ಆದ್ದರಿಂದ ಕುಣಿತದಲ್ಲಿ ಗ್ರಹಣವನ್ನು ನಾನಾದರೂ ಬಿಡುತ್ತಿದ್ದೆ.

ವೇದಿಕೆಗೆ ಬಂದಾಗ ನಿಮ್ಮೆದುರು ಮೂರು ದಾರಿಗಳಿವೆ. ಎಲ್ಲವನ್ನೂ ನೀವೇ ಜೋಡಿಸಿ ಕಲಿಸಿದರೆ ಕಾರ್ಯಕ್ರಮ ಅಚ್ಚುಕಟ್ಟಾಗಿರುತ್ತದೆ, ಮಕ್ಕಳು ಮತ್ತೆ ನಕಲಿಗೇ ಮರಳುತ್ತಾರೆ. ಅಂದಂದಿಗೆ ತೋಚಿದ್ದನ್ನು ಕುಣಿಯಲು ಬಿಟ್ಟರೆ ಜನ ನೋಡುತ್ತಿರುವ ಭಯದಲ್ಲಿ ಮಕ್ಕಳು ಮೊದಲ ದಿನದಂತೆ ಓಡುತ್ತಾರೆ ಅಥವಾ ನಿಂತುಬಿಡುತ್ತಾರೆ, ವೇದಿಕೆಯ ಅಂಚೂ ಹತ್ತಿರದಲ್ಲೇ ಇರುತ್ತದೆ. ಮಕ್ಕಳು ತರಗತಿಯಲ್ಲಿ ಕಟ್ಟಿದ ತುಣುಕುಗಳಲ್ಲಿ ಒಳ್ಳೆಯವನ್ನು ಆರಿಸಿ, ಅವುಗಳ ಅನುಕ್ರಮವನ್ನು ಮಾತ್ರ ನೀವು ನಿಗದಿ ಮಾಡುವುದು ಮೂರನೆಯದು. ನನ್ನ ಒಲವು ಅದಕ್ಕೆ. ಇದಕ್ಕೆ ಸಮಯ ಹೆಚ್ಚು ಬೇಕು, ವಾರಕ್ಕೆ ಎರಡು ಅವಧಿಯಂತೆ ಆರೇಳು ವಾರ ಹಿಡಿಯುತ್ತದೆ, ನಾಲ್ಕು ನಿಮಿಷಕ್ಕಿಂತ ಉದ್ದದ ಕುಣಿತ ಹುಟ್ಟುವುದಿಲ್ಲ. ವೇದಿಕೆ ಚಿಕ್ಕದಾದರೆ ಮಂಗಳನ ವೃತ್ತವನ್ನು ಬಿಟ್ಟುಬಿಡಿ. ತಲೆಗೆ ಥರ್ಮಾಕೋಲಿನ ಗೋಲ, ಮುಖವಾಡ ಬೇಡ, ಪಕ್ಕದ ನೋಟ ಮುಚ್ಚಿ ಮತ್ತೆ ಡಿಕ್ಕಿಗಳು ಶುರುವಾಗುತ್ತವೆ. ಸೊಂಟಕ್ಕೊಂದು ಬಣ್ಣದ ಪಟ್ಟಿ ಸಾಕು.

ಇನ್ನೊಂದು ಮಾತು. ನಿರ್ವಾತದಲ್ಲಿ ಶಬ್ದ ಸಾಗುವುದಿಲ್ಲ. ಪ್ರಜ್ಞಾನ್ ಹೊರಬರುವ ಅರ್ಧ ನಿಮಿಷ ಹಲಗಿಯೂ ಸಂಗೀತವೂ ಪೂರ್ತಿ ನಿಲ್ಲಲಿ. ಆದರೆ ಇದನ್ನು ಸೌಂಡ್ ಸಿಸ್ಟಮ್ಮಿನವರಿಗೆ ಮೊದಲೇ ಎರಡು ಸಲ ಹೇಳಿಡಿ. ಇಲ್ಲವಾದರೆ ಹಾಡು ಕೆಟ್ಟು ನಿಂತಿತೆಂದು ತಿಳಿದು ಅವರು ತಮಗೆ ಸಿಕ್ಕ ಸಿನಿಮಾ ಹಾಡೊಂದನ್ನು ಹಚ್ಚಿಬಿಡುತ್ತಾರೆ. ನನಗೆ ಹಾಗೆ ಆಗಿದೆ, ನನ್ನ ಪ್ರಜ್ಞಾನ್ ಅಲ್ಲೇ ಎದ್ದು ಕುಣಿದಿದ್ದ.